ಗಂಟಿನ ನೆಪ

ಮರ ಕಡಿಯುವ ಪಂದ್ಯದಲ್ಲಿ ಸೋತವನು ಮೊದಲು ಗೆದ್ದವನ ಕೈ ಕುಲುಕುತ್ತಾನೆ. ಆಮೇಲೆ ಬಗ್ಗಿ ತನ್ನ ದಿಮ್ಮಿಯ ತುಂಡನ್ನೆತ್ತಿ, ಕಡಿದ ಮೈಯನ್ನು ತಿರುಗಿಸಿ ತಿರುಗಿಸಿ ನೋಡುತ್ತಾನೆ. ಗಂಟು ಹುಡುಕುತ್ತಿದ್ದಾನೆ! ದೊಡ್ಡ ಕೂಟಗಳಲ್ಲಿ ನೇರ ಎಳೆಯ, ಆದಷ್ಟೂ ಗಂಟಿಲ್ಲದ ಮರವನ್ನೇ ಆರಿಸಿ, ಒಂದೇ ಅಳತೆಗೆ ಹೆರೆದು, ಯಾರಿಗೆ ಯಾವುದೆಂದು ಚೀಟಿ ಎತ್ತಿ ಹಂಚುತ್ತಾರೆ. ಆದರೂ ಸೋತವರ ದಿಮ್ಮಿಗಳಲ್ಲಿ ಕಂಡಷ್ಟು ಗಂಟು ಯಾವ ಕಾಡಿನಲ್ಲೂ ಬೆಳೆದಿರಲಿಕ್ಕಿಲ್ಲ. ಪಕ್ಕದ ಕಟ್ಟೆಯವನು ಬಂದು ಇಣುಕುತ್ತಾನೆ. 'ಅಯ್ಯೋ ಪಾಪ, ಕಡಲೆಕಾಳಿನಷ್ಟಿದೆಯಲ್ಲಪ್ಪ' ಎಂದು ಮರುಗುತ್ತಾನೆ. ಆ ಮರುಕದಲ್ಲಿರುವ ಉಪ್ಪುಖಾರ ಗೊತ್ತಾಗಬೇಕಾದರೆ ಈ ಆಟವನ್ನು ಕೆಲವು ವರ್ಷ ನೋಡಿರಬೇಕು.

ಗಂಟು ಸಿಗದಿದ್ದರೆ ಕೊಡಲಿ ಇದೆ. ಪಂದ್ಯದ ಕೊಡಲಿಯೆಂದರೆ ಸುಮಾರು ಮೂರು ಕೆಜಿ ತೂಕದ ತಲೆ, ಮುಂಗೈ ರೋಮ ಬೋಳಿಸುವಷ್ಟು ಚೂಪು. ನ್ಯೂಜಿಲೆಂಡಿನ ಮಾಸ್ಟರ್‌ಟನ್‌ನಲ್ಲಿ ತಯಾರಾಗುವ ಟುವಾಟಾಹಿ ಕೊಡಲಿಗಳನ್ನು ಮರದ ಪೆಟ್ಟಿಗೆಯಲ್ಲಿಟ್ಟು, ಒಡವೆಯಂತೆ ಹೊತ್ತು ತರುತ್ತಾರೆ. ಮೆದು ಮರಕ್ಕೆ ಒಂದು ಸಾಣೆ, ಗಟ್ಟಿ ಮರಕ್ಕೆ ಇನ್ನೊಂದು. ಹಾಗಾಗಿ 'ತಪ್ಪು ಪೆಟ್ಟಿಗೆ ತೆರೆದೆ' ಎನ್ನುವುದು ಸದಾ ಸಿದ್ಧವಿರುವ ಎರಡನೆಯ ನೆಪ. 'ಬೆಳಗ್ಗೆ ಅದರಲ್ಲೇ ಒಲೆ ಸೌದೆ ಸೀಳುತ್ತಿದ್ದೆಯಲ್ಲ' ಎಂಬುದು ಅದಕ್ಕೆ ಅಷ್ಟೇ ಹಳೆಯ ಉತ್ತರ.

ಬುರುಡೆ ಬಿಡುವುದರಲ್ಲಿ ಮರ ಕಡಿಯುವ ಜನಕ್ಕೆ ಎರಡು ಘರಾಣೆಗಳಿವೆ ಎಂಬುದು ನನ್ನ ವಾದ. ಒಂದು ಅಮೆರಿಕದ್ದು, ಇನ್ನೊಂದು ಟಾಸ್ಮೇನಿಯಾದ್ದು. ಮೊದಲನೆಯದರಲ್ಲಿ ಸುಳ್ಳು ಮೇಲಕ್ಕೇರುತ್ತದೆ, ಎರಡನೆಯದರಲ್ಲಿ ಕೆಳಕ್ಕಿಳಿಯುತ್ತದೆ.

ಅಮೆರಿಕದ ಘರಾಣೆ ಹುಟ್ಟಿದ್ದು ವಿಸ್ಕಾನ್ಸಿನ್, ಮಿನೆಸೋಟಾ ಕಡೆಯ ಬಿಳಿ ಪೈನ್ ಕಾಡುಗಳ ಬಿಡಾರಗಳಲ್ಲಿ. ಹಿಮ ಸುರಿಯುವ ದೀರ್ಘ ರಾತ್ರಿ, ಒಣಗಲು ನೇತುಹಾಕಿದ ಕಾಲುಚೀಲಗಳ ವಾಸನೆ, ಹೊಸದಾಗಿ ಸೇರಿದ ಒಬ್ಬ ಹುಡುಗ: ಇಷ್ಟಿದ್ದರೆ ಸಾಕು. ಗುಡ್ಡದ ಇಳಿಜಾರಿನಲ್ಲೇ ಬದುಕಿ ಒಂದು ಬದಿಯ ಕಾಲುಗಳು ಗಿಡ್ಡವಾಗಿರುವ ಪ್ರಾಣಿ, ಕೊಡಲಿಯ ಕಾವನ್ನು ಮಾತ್ರ ತಿನ್ನುವ ನಾಯಿ, ನೀವು ಎಷ್ಟು ಸಲ ತಿರುಗಿದರೂ ನಿಮ್ಮ ಬೆನ್ನ ಹಿಂದೆಯೇ ಇರುವ ಮೃಗ. ಈ ಕೊನೆಯದನ್ನು ಯಾಕೆ ಯಾರೂ ಕಂಡಿಲ್ಲ ಎಂದು ಹುಡುಗ ಕೇಳುವಂತಿಲ್ಲ, ಉತ್ತರ ಕತೆಯೊಳಗೇ ಇದೆ. ಅರಣ್ಯಾಧಿಕಾರಿ ವಿಲಿಯಂ ಕಾಕ್ಸ್ 1910ರಲ್ಲಿ ಇಂಥ ಪ್ರಾಣಿಗಳ ಬಗ್ಗೆ ಒಂದು ಪುಸ್ತಕವನ್ನೇ ತಂದ, ಲ್ಯಾಟಿನ್ ಹೆಸರುಗಳ ಸಮೇತ.

ಈ ಘರಾಣೆಯ ಉಸ್ತಾದ ಅಂದರೆ ವಿಸ್ಕಾನ್ಸಿನ್ನಿನ ರೈನ್‌ಲ್ಯಾಂಡರ್ ಊರಿನ ಯೂಜೀನ್ ಶೆಪರ್ಡ್. ಕಾಡು ಸುತ್ತಿ ಮರದ ಲೆಕ್ಕ ಹಾಕುವುದು ಅವನ ಕಸುಬು. 1893ರಲ್ಲಿ ಹೋಡಾಗ್ ಎಂಬ ಕೊಂಬಿನ, ಬೆನ್ನ ತುಂಬ ಮುಳ್ಳಿನ ಮೃಗವನ್ನು ಡೈನಮೈಟ್ ಇಟ್ಟು ಕೊಂದೆವೆಂದು ಸುದ್ದಿ ಹಬ್ಬಿಸಿದ. ಅದರ ಆಹಾರ ಬಿಳಿ ಬುಲ್‌ಡಾಗ್ ಮಾತ್ರ, ಅದೂ ಭಾನುವಾರ ಮಾತ್ರವಂತೆ. ನನ್ನ ಮಟ್ಟಿಗೆ ಇಡೀ ಕತೆ ನಿಂತಿರುವುದು ಆ ಭಾನುವಾರದ ಮೇಲೆ. ಕೊಂಬು, ಕೋರೆಹಲ್ಲು ಯಾರಾದರೂ ಕಟ್ಟಿಯಾರು, ಮೃಗಕ್ಕೆ ವಾರದ ದಿನ ಗೊತ್ತು ಮಾಡಲು ಕಲಾವಿದನೇ ಬೇಕು. 1896ರಲ್ಲಿ ಜೀವಂತ ಹೋಡಾಗನ್ನೇ ಹಿಡಿದೆನೆಂದು ಜಾತ್ರೆಯ ಮಬ್ಬುಗತ್ತಲ ಡೇರೆಯಲ್ಲಿಟ್ಟು ದುಡ್ಡು ಎತ್ತಿದ. ಒಳಗಿದ್ದದ್ದು ಮರದ ಗೊಂಬೆ, ಮೇಲೆ ಚರ್ಮ, ಅಲ್ಲಾಡಿಸಲು ತಂತಿ. ಸ್ಮಿತ್‌ಸೋನಿಯನ್ ಸಂಸ್ಥೆಯವರು ಪರೀಕ್ಷೆಗೆ ಬರುತ್ತಾರೆಂದಾಗ ಸುಳ್ಳೆಂದು ಒಪ್ಪಿಕೊಂಡ. ಊರಿಗೆ ನಾಚಿಕೆಯಾಯಿತೆ? ಹೋಡಾಗನ್ನೇ ತನ್ನ ಲಾಂಛನ ಮಾಡಿಕೊಂಡಿತು.

ಎಲ್ಲರಿಗೂ ಗೊತ್ತಿರುವ ದೈತ್ಯ ಮರಕಟುಕ ಪಾಲ್ ಬನ್ಯನ್, ಅವನ ನೀಲಿ ಎತ್ತು ನನಗೆ ಅಷ್ಟು ರುಚಿಸುವುದಿಲ್ಲ. ಬಿಡಾರಗಳಲ್ಲಿ ಅವನ ಮಾತು ಮೊದಲೇ ಇತ್ತು, ನಿಜ. ಆದರೆ ಅವನನ್ನು ಮನೆಮಾತಾಗಿಸಿದ್ದು ರೆಡ್ ರಿವರ್ ಮರದ ಕಂಪನಿಗಾಗಿ ವಿಲಿಯಂ ಲಾಫ್‌ಹೆಡ್ 1914ರಿಂದ ಬರೆದ ಜಾಹೀರಾತು ಪುಸ್ತಿಕೆಗಳು. ಗಾತ್ರ ಹಿಗ್ಗಿಸುವುದು ಸುಲಭದ ಕೆಲಸ. ಚಳಿಗೆ ಆಡಿದ ಮಾತೆಲ್ಲ ಗಾಳಿಯಲ್ಲೇ ಹೆಪ್ಪುಗಟ್ಟಿ, ವಸಂತದಲ್ಲಿ ಕರಗಿ ಒಟ್ಟಿಗೇ ಕೇಳಿಸಿತೆಂಬ ಒಂದು ಕತೆಗಾಗಿ ಮಾತ್ರ ಅವನಿಗೆ ನನ್ನ ಮಾಫಿ.

ಟಾಸ್ಮೇನಿಯಾದ ಕತೆ ಬೇರೆ. ಮರ ಕಡಿಯುವುದನ್ನು ಶಿಸ್ತಿನ ಕ್ರೀಡೆಯಾಗಿ ಕಟ್ಟಿದವರು ಅಲ್ಲಿಯವರು, 1891ರಲ್ಲಿ, ಲಟ್ರೋಬ್ ಎಂಬ ಪುಟ್ಟ ಊರಿನಲ್ಲಿ. ಆಸ್ಟ್ರೇಲಿಯಾ ತುಂಬ ಚಾಲ್ತಿಯಲ್ಲಿರುವುದು ನುರಿತವನು ತಡವಾಗಿ ಶುರು ಮಾಡುವ ಹ್ಯಾಂಡಿಕ್ಯಾಪ್ ಪದ್ಧತಿ. ಸಿಡ್ನಿಯ ರಾಯಲ್ ಈಸ್ಟರ್ ಶೋನಲ್ಲಿ ಇದನ್ನು ಕಣ್ಣು ತುಂಬ ನೋಡಬಹುದು. ಎಲ್ಲರೂ ದಿಮ್ಮಿಯ ಮುಂದೆ ನಿಂತಿರುತ್ತಾರೆ. ಒಬ್ಬ ಗಟ್ಟಿಯಾಗಿ ಒಂದು, ಎರಡು, ಮೂರು ಎಂದು ಎಣಿಸುತ್ತಾನೆ. ಎಳಬನ ಕೊಡಲಿ ಮೂರಕ್ಕೇ ಏಳುತ್ತದೆ. ಇನ್ನೊಬ್ಬ ಎಂಟಕ್ಕೆ, ಮತ್ತೊಬ್ಬ ಹನ್ನೆರಡಕ್ಕೆ. ಚಾಂಪಿಯನ್ ಮಾತ್ರ ಸುತ್ತಲೂ ಚಕ್ಕೆ ಹಾರುತ್ತಿದ್ದರೂ ಕೈಕಟ್ಟಿ ನಿಂತಂತೆ ನಿಂತಿರುತ್ತಾನೆ, ತನ್ನ ಅಂಕೆ ಬರುವವರೆಗೆ. ಲೆಕ್ಕ ಹಾಕಿದವನು ಜಾಣನಾಗಿದ್ದರೆ ಎಲ್ಲರ ದಿಮ್ಮಿಯೂ ಹೆಚ್ಚುಕಮ್ಮಿ ಒಟ್ಟಿಗೇ ಮುರಿದು ಬೀಳುತ್ತದೆ.

ಇಂಥ ಕಡೆ ಪ್ರತಾಪ ಕೊಚ್ಚಿಕೊಂಡವನು ಕೆಟ್ಟ. 'ಈಗ ಭಾರಿ ಫಾರ್ಮಿನಲ್ಲಿದ್ದೇನೆ' ಅಂದರೆ ಮುಂದಿನ ಸಲ ಇನ್ನೂ ಎರಡು ಎಣಿಕೆ ಹೆಚ್ಚು ಕಾಯಬೇಕು. ಹಾಗಾಗಿ ಹ್ಯಾಂಡಿಕ್ಯಾಪ್ ನಿಗದಿ ಮಾಡುವವನ ಕಿವಿಗೆ ಬೀಳುವಂತೆ ಎಲ್ಲರಿಗೂ ಸೊಂಟ ನೋವು, ಎಲ್ಲರ ಭುಜವೂ ಹಿಡಿದಿದೆ, ಈಸ್ಟರ್ ಕಳೆದ ಮೇಲೆ ಕೊಡಲಿ ಮುಟ್ಟಿದವರೇ ಇಲ್ಲ. ಗೆಳೆಯರ ಕೀಟಲೆಯೂ ತಲೆಕೆಳಗು: ಸ್ನೇಹಿತನನ್ನು ಸಿಕ್ಕಿಸಬೇಕೆಂದರೆ ಅವನನ್ನು ಹೊಗಳಬೇಕು. 'ಮೊನ್ನೆ ಇವನು ಕಡಿದದ್ದು ನೋಡಬೇಕಿತ್ತು' ಎಂದು ಅಧಿಕಾರಿಯ ಎದುರಿಗೇ ಕೊಂಡಾಡುವುದಕ್ಕಿಂತ ದೊಡ್ಡ ಕಿತಾಪತಿ ಅಲ್ಲಿಲ್ಲ. ಆದರೂ ಕೊನೆಯ ಅಂಕೆಗೆ ಕಾಯುವುದು ಎಲ್ಲರೂ ಒಳಗೊಳಗೇ ಬಯಸುವ ಮರ್ಯಾದೆ. ನರಳುತ್ತಲೇ ಅದನ್ನು ಸ್ವೀಕರಿಸುವ ಮುಖಗಳನ್ನು ನೋಡುವುದೇ ಒಂದು ಸುಖ.

ಟಾಸ್ಮೇನಿಯಾದ ಡೇವಿಡ್ ಫಾಸ್ಟರ್ ಇವರೆಲ್ಲರ ಬಾಯಿ ಕಟ್ಟಿದ ಆಸಾಮಿ. ಸತತ 21 ವರ್ಷ ವಿಶ್ವ ಪಟ್ಟ, ಒಟ್ಟು ಸಾವಿರಕ್ಕೂ ಹೆಚ್ಚು ಪ್ರಶಸ್ತಿ. ಯಾವ ಬಿಡಾರದಲ್ಲಿ ಹೇಳಿದರೂ ಬೊಗಳೆ ಎಂದೇ ನಗುತ್ತಿದ್ದರು.

ಕೀಟಲೆಗೆ ನಿಯಮದಲ್ಲೇ ಜಾಗ ಕೊಟ್ಟ ಪಂದ್ಯ ನೋಡಬೇಕಾದರೆ ವಿಸ್ಕಾನ್ಸಿನ್ನಿನ ಹೇವರ್ಡ್‌ಗೆ ಹೋಗಬೇಕು. ಟೋನಿ ವೈಸ್ 1960ರಲ್ಲಿ ಆರಂಭಿಸಿದ ಮರಕಟುಕರ ವಿಶ್ವ ಸ್ಪರ್ಧೆ ನಡೆಯುವುದು ಹಿಂದೆ ಮರದ ಕಂಪನಿಯೊಂದು ದಿಮ್ಮಿ ತೇಲಿಸಿಡುತ್ತಿದ್ದ ನೀರಿನಲ್ಲಿ. ತೇಲುವ ಒಂದೇ ದಿಮ್ಮಿಯ ಮೇಲೆ ಇಬ್ಬರು ನಿಂತು ಕಾಲಿನಿಂದ ಅದನ್ನು ಉರುಳಿಸುತ್ತಾರೆ, ಬಿದ್ದವರು ಸೋತರು. ಗಂಡಸರಷ್ಟೇ ಹೆಂಗಸರ ಪಂದ್ಯಕ್ಕೂ ಜನ ಮುಗಿಬೀಳುತ್ತಾರೆ. ಎದುರಾಳಿಯನ್ನು ಮುಟ್ಟುವಂತಿಲ್ಲ, ನಡುವಿನ ಗೆರೆ ದಾಟುವಂತಿಲ್ಲ. ಆದರೆ ಕಾಲಿನಿಂದ ನೀರು ಚಿಮ್ಮಿ ಅವರ ಮುಖಕ್ಕೆ ಎರಚಬಹುದು, ತೀರ್ಪುಗಾರ ಚಕಾರ ಎತ್ತುವುದಿಲ್ಲ. ಮುಖ ನೋಡಬೇಡ, ಕಾಲು ನೋಡು ಎಂದು ಗುರುಗಳು ಹೇಳಿಕೊಡುವುದು ಅದಕ್ಕೇ. ಐದರಲ್ಲಿ ಮೂರು ಸಲ ಬೀಳಿಸಿದರೆ ಗೆಲುವು. ಹಾಗಾಗಿ ತೊಪ್ಪನೆ ತೊಯ್ದು ಮತ್ತೆ ದಿಮ್ಮಿ ಏರಿದವಳು ಬಾಕಿ ತೀರಿಸಲು ಬಹಳ ಹೊತ್ತು ಕಾಯಬೇಕಾಗಿಲ್ಲ.