ರಜೆ ಚೀಟಿಯ ಭಾಷೆ

ಹೋದ ತಿಂಗಳು ಒಂದು ರಾತ್ರಿ ಹನ್ನೊಂದೂವರೆಗೆ ವಾಟ್ಸಾಪಿನಲ್ಲಿ ಒಂದು ಪಿಡಿಎಫ್ ಬಂತು. ಕೆಳಗೆ ಒಂದೇ ಸಾಲು: ‘ಅಣ್ಣ, ಇದನ್ನ ಸ್ವಲ್ಪ ನೋಡ್ಕೊಡು.’ ಕಳಿಸಿದವನು ನನ್ನ ಚಿಕ್ಕಮ್ಮನ ಮಗ. ತೆರಕಣಾಂಬಿ ಹುಡುಗ, ಈಗ ಮೆಲ್ಬರ್ನ್‌ನಲ್ಲಿದ್ದಾನೆ. ಅಲ್ಲಿ ಆಗ ಬೆಳಗಿನ ಜಾವ ನಾಲ್ಕು ಗಂಟೆ. ಆ ಹೊತ್ತಲ್ಲಿ ಎಚ್ಚರ ಇದ್ದಾನೆ ಅಂದರೆ ವಿಷಯ ಸರಿ ಇಲ್ಲ ಅಂತ ತೆರೆಯೋಕೆ ಮುಂಚೆಯೇ ಗೊತ್ತಾಯ್ತು.

ಆರು ಪುಟದ ಪತ್ರ. ವಿದ್ಯಾರ್ಥಿ ವೀಸಾ ತಿರಸ್ಕಾರ ಆಗಿದೆ, ಅದರ ಮೇಲೆ ಮೇಲ್ಮನವಿ ಹಾಕಬೇಕು, ಅದಕ್ಕೆ ಏಜೆಂಟ್ ಬರೆದುಕೊಟ್ಟಿರೋ ವಿವರಣೆ ಇದು. ನಾನು ಬೆಂಗಳೂರಲ್ಲಿ ಕೂತು ದಿನವಿಡೀ ಬೇರೆಯವರ ಡಾಕ್ಯುಮೆಂಟ್ ತಿದ್ದೋ ಕೆಲಸದವನು, ಹಾಗಾಗಿ ನನಗೆ ಬಂತು. ಕಾದಂಬರಿ ವಿಮರ್ಶೆ, ಸಿನಿಮಾ ವಿಮರ್ಶೆ ಓದಿ ಅಭ್ಯಾಸ ಇರೋರು ಇವತ್ತು ಒಂದು ಅರ್ಜಿಯ ವಿಮರ್ಶೆ ಓದಿ. ಅವನನ್ನ ಕೇಳಿಯೇ ಬರೀತಿದ್ದೇನೆ. ಹೆಸರು ಬೇಡ ಅಂದ, ಅಷ್ಟೆ.

ಮೊದಲ ಪುಟ ಶುರುವಾಗೋದೇ ಬಾಲ್ಯದಿಂದಲೂ ಅವನಿಗೆ ಡೇಟಾ ಅನಲಿಟಿಕ್ಸ್‌ನಲ್ಲಿ ಅಪಾರ ಆಸಕ್ತಿ ಇತ್ತು ಅಂತ. ಬಾಲ್ಯದಲ್ಲಿ ಇವನಿಗೆ ಆಸಕ್ತಿ ಇದ್ದದ್ದು ತೆರಕಣಾಂಬಿ ತರಕಾರಿ ಮಾರ್ಕೆಟ್ಟಿಗೆ ಬರೋ ಕೇರಳದ ಲಾರಿಗಳಲ್ಲಿ. ಕೆಎಲ್ 12 ಅಂದ್ರೆ ವಯನಾಡು, ಕೆಎಲ್ 11 ಕೋಝಿಕ್ಕೋಡ್, ಕೆಎಲ್ 10 ಮಲಪ್ಪುರಂ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಗೀಟು ಹಾಕಿಕೊಂಡು ಯಾವ ಊರಿನದು ಎಷ್ಟು ಬಂತು ಅಂತ ಎಣಿಸ್ತಿದ್ದ. ಯೋಚನೆ ಮಾಡಿದರೆ ಡೇಟಾ ಅನಲಿಟಿಕ್ಸ್ ಅಂದರೆ ಅದೇ! ಆದರೆ ಪತ್ರದಲ್ಲಿ ಲಾರಿ ಇಲ್ಲ. ‘ಅಪಾರ ಆಸಕ್ತಿ’ ಮಾತ್ರ ಇದೆ.

ಎರಡು, ಮೂರನೇ ಪುಟ ವಿಶ್ವವಿದ್ಯಾಲಯದ ರ‍್ಯಾಂಕಿಂಗು, ಮೆಲ್ಬರ್ನ್ ನಗರದ ಸೌಂದರ್ಯ. ಓದೋ ಅಧಿಕಾರಿ ಅದೇ ದೇಶದಲ್ಲಿ ಇರೋರು, ಅವರಿಗೆ ಯಾಕೆ ಇದು? ನಾಲ್ಕನೇ ಪುಟದ ಮಧ್ಯೆ, ಎಲ್ಲಕ್ಕೂ ಕಾರಣವಾದ ವಿಷಯ ಒಂದೇ ವಾಕ್ಯದಲ್ಲಿ ಮುಗಿದುಹೋಗಿದೆ: ಕೆಲವು ಅನಿವಾರ್ಯ ವೈಯಕ್ತಿಕ ಕಾರಣಗಳಿಂದಾಗಿ ವ್ಯಾಸಂಗದಲ್ಲಿ ನಿರೀಕ್ಷಿತ ಪ್ರಗತಿ ಸಾಧಿಸಲು ಆಗಲಿಲ್ಲ. ಉಳಿದ ಎರಡು ಪುಟ, ಓದು ಮುಗಿದ ಮೇಲೆ ಖಂಡಿತ ತಾಯ್ನಾಡಿಗೆ ಮರಳುತ್ತೇನೆ ಅನ್ನೋ ಪ್ರತಿಜ್ಞೆ.

ಈ ಶೈಲಿ ಎಲ್ಲೋ ಓದಿದ್ದೀನಲ್ಲ ಅನ್ನಿಸ್ತು. ಆಮೇಲೆ ಹೊಳೆಯಿತು. ಇದು ನಾವೆಲ್ಲ ಹೈಸ್ಕೂಲಲ್ಲಿ ಬರೆದ ರಜೆ ಚೀಟಿ. ‘ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನನಗೆ ಜ್ವರ ಬಂದಿರುವುದರಿಂದ...’ ಅರಿಶಿನ ಕೀಳೋ ಕಾಲದಲ್ಲಿ ಅರ್ಧ ಕ್ಲಾಸಿಗೆ ಒಟ್ಟಿಗೆ ಜ್ವರ ಬರ್ತಿತ್ತು. ಮೇಷ್ಟ್ರಿಗೂ ಗೊತ್ತು, ಅಪ್ಪನಿಗೂ ಗೊತ್ತು, ಕೆಳಗೆ ಅಪ್ಪನದೇ ರುಜು. ಹೊಲದಲ್ಲಿ ಆಳು ಸಾಲದು ಅಂತ ಬರೆಯೋ ಹಾಗಿಲ್ಲ, ಯಾಕಂದ್ರೆ ಅರ್ಜಿಯಲ್ಲಿ ನಿಜ ಬರೆಯಬಾರದು, ಅರ್ಜಿಗೆ ಒಪ್ಪೋದನ್ನ ಬರೆಯಬೇಕು. ಅಧಿಕಾರದಲ್ಲಿ ಇರೋರ ಹತ್ತಿರ ಹೇಗೆ ಮಾತಾಡಬೇಕು ಅಂತ ನಾವು ಕಲಿತ ಮೊದಲ ಗದ್ಯ ಅದು. ಇಂಗ್ಲಿಷ್ ಕಲಿತು, ವಿಮಾನ ಹತ್ತಿದ ಮೇಲೂ ಅದೇ ಗದ್ಯ ಬರೀತೀವಿ.

ಈಗ ಎದುರುಕಡೆಯ ಕಾಗದ. ತಿರಸ್ಕಾರದ ನಿರ್ಧಾರವನ್ನೂ ತರಿಸಿಕೊಂಡು ಓದಿದೆ. ಬೇಜಾರಾದರೂ ಹೇಳಲೇಬೇಕು, ಗದ್ಯ ಅಂತ ನೋಡಿದರೆ ಅಧಿಕಾರಿಯದೇ ಚೆನ್ನಾಗಿದೆ. ಎಷ್ಟೋ ಪ್ಯಾರಾ ರೆಡಿಮೇಡ್, ನಿಜ. ಆದರೆ ನಡುವೆ ಇವನಿಗಾಗಿಯೇ ಬರೆದದ್ದು ಇದೆ. ಮೊದಲ ಸೆಮಿಸ್ಟರಿನಲ್ಲಿ ನಾಲ್ಕರಲ್ಲಿ ಒಂದು ಫೇಲು, ಎರಡನೆಯದರಲ್ಲಿ ನಾಲ್ಕಕ್ಕೆ ನಾಲ್ಕೂ, ಮೂರನೆಯದರಲ್ಲಿ ಮೂರು. ವಿಶ್ವವಿದ್ಯಾಲಯ ಎರಡು ಸಲ ಎಚ್ಚರಿಕೆ ಕಳಿಸಿದೆ, ಉತ್ತರ ಬಂದಿಲ್ಲ. ಅರ್ಜಿದಾರರು ‘ವೈಯಕ್ತಿಕ ಕಾರಣ’ ಅಂದಿದ್ದಾರೆ, ಏನೆಂದು ಹೇಳಿಲ್ಲ, ದಾಖಲೆ ಕೊಟ್ಟಿಲ್ಲ. ಯಶವಂತ ಚಿತ್ತಾಲರ ‘ಶಿಕಾರಿ’ಯಲ್ಲಿ ನಾಗಪ್ಪನಿಗೆ ತನ್ನ ಮೇಲಿನ ಆರೋಪ ಏನು ಅಂತಲೇ ಗೊತ್ತಾಗಲ್ಲ. ಅಲ್ಲಿ ಭಯ ಹುಟ್ಟೋದೇ ಅದರಿಂದ. ಇಲ್ಲಿ ಆರೋಪ ದಿನಾಂಕದ ಸಮೇತ ಎದುರಿಗಿದೆ, ನಮ್ಮ ಕಡೆಯವರೇ ಅದರ ಮುಖ ನೋಡದೆ ಮೆಲ್ಬರ್ನ್ ಸೌಂದರ್ಯ ವರ್ಣಿಸ್ತಾ ಕೂತಿದ್ದೀವಿ.

ಅಧಿಕಾರಿ ಎಡವಿದ್ದೂ ಇದೆ. ಫೇಲಾದದ್ದನ್ನ ಫೇಲು ಅನ್ನಬಹುದು. ಅಲ್ಲಿಂದ ನೇರ ‘ಓದುವ ಉದ್ದೇಶವೇ ಇಲ್ಲ’ ಅನ್ನೋದಕ್ಕೆ ಜಿಗಿದಿದ್ದಾರೆ. ಅಂಕಪಟ್ಟಿ ಅನ್ನೋದು ಮನಸ್ಸಿನ ಎಕ್ಸ್‌ರೇ ಅಲ್ಲ. ಆದರೆ ಆ ಜಿಗಿತವನ್ನ ತಡೆಯೋಕೆ ಬೇಕಾದ ಒಂದೇ ಒಂದು ಸಂಗತಿಯನ್ನೂ ನಾವು ಕೊಡಲಿಲ್ಲವಲ್ಲ.

ಫೋನ್ ಮಾಡಿದೆ. ‘ಯಾಕ್ಲಾ, ಚಿಕ್ಕಪ್ಪ ತೀರಿಕೊಂಡಿದ್ದು ಇದರಲ್ಲಿ ಎಲ್ಲಿದೆ?’

ಸ್ವಲ್ಪ ಹೊತ್ತು ಮಾತಿಲ್ಲ. ‘ಅದನ್ನ ಬರೀಬೇಡ ಅಂದ್ರು ಕಣಣ್ಣ. ಅಪ್ಪ ಇಲ್ಲ ಅಂದ್ರೆ ದುಡ್ಡು ಯಾರು ಕಟ್ತಾರೆ ಅಂತ ಕೇಳ್ತಾರಂತೆ.’

ಎರಡನೇ ಸೆಮಿಸ್ಟರು ಶುರುವಾಗಿ ತಿಂಗಳಾಗಿರಲಿಲ್ಲ, ಚಿಕ್ಕಪ್ಪ ಹೋದರು. ಇವನು ಮಣ್ಣಿಗೆ ಬರಲಿಲ್ಲ. ಟಿಕೆಟ್ ದುಡ್ಡಿನ ಪ್ರಶ್ನೆ, ಕ್ಲಾಸ್ ತಪ್ಪಿದರೆ ವೀಸಾಗೆ ತೊಂದರೆ ಅನ್ನೋ ಭಯ. ನಾನೇ ಫೋನ್ ಎತ್ತಿ ಹಿಡಿದು ವಿಡಿಯೋ ಕಾಲಿನಲ್ಲಿ ತೋರಿಸಿದ್ದೆ. ಸಿಗ್ನಲ್ ಸಿಗದೆ ಅರ್ಧಕ್ಕೇ ನಿಂತುಹೋಯ್ತು. ಈ ಪತ್ರ ತಿದ್ದೋಕೆ ಕೂತವನಿಗೆ ಅದು ನೆನಪಿದೆ, ಪತ್ರಕ್ಕೆ ನೆನಪಿಲ್ಲ.

ಏಜೆಂಟ್ ಪೂರ್ತಿ ದಡ್ಡ ಅಂತ ನಾನು ಹೇಳಲ್ಲ. ದುಡ್ಡಿನ ಪ್ರಶ್ನೆ ಬರೋದು ನಿಜವೇ. ಆದರೆ ಆಸ್ಟ್ರೇಲಿಯಾದ ನಿಯಮ ಏನು ಹೇಳುತ್ತೆ ನೋಡಿ. ವಿದ್ಯಾರ್ಥಿ ವೀಸಾದ 8202ನೇ ಷರತ್ತು ಓದಿನಲ್ಲಿ ತೃಪ್ತಿಕರ ಪ್ರಗತಿ ಇರಬೇಕು ಅನ್ನುತ್ತೆ. ಪ್ರಗತಿ ಇಲ್ಲ ಅಂತ ವಿಶ್ವವಿದ್ಯಾಲಯ ಸರ್ಕಾರಕ್ಕೆ ವರದಿ ಮಾಡೋಕೆ ಮುಂಚೆ ವಿದ್ಯಾರ್ಥಿಗೆ ತಿಳಿಸಿ, ಒಳಗಡೆಯೇ ಮೇಲ್ಮನವಿಗೆ 20 ಕೆಲಸದ ದಿನ ಕೊಡಬೇಕು. ಅಲ್ಲಿ ಒಪ್ಪುವ ಕಾರಣಗಳಲ್ಲಿ ಗಂಭೀರ ಕಾಯಿಲೆ, ಹತ್ತಿರದವರ ಸಾವು ಮೊದಲ ಸಾಲಿನಲ್ಲೇ ಬರುತ್ತವೆ. ಅಂದರೆ ಇವನನ್ನ ಕಾಪಾಡಬಹುದಾಗಿದ್ದ ಕಾರಣವನ್ನೇ ಹುಡುಕಿ ಹುಡುಕಿ ಬಚ್ಚಿಟ್ಟಿದ್ದಾರೆ.

ಕೊನೆಯ ಎರಡು ಪುಟದ ಪ್ರತಿಜ್ಞೆ ಇನ್ನೂ ತಮಾಷೆ. ‘ತಾತ್ಕಾಲಿಕವಾಗಿ ಬರುವ ನಿಜವಾದ ಉದ್ದೇಶ’ ಅನ್ನೋ ಪರೀಕ್ಷೆ 2024ರ ಮಾರ್ಚ್ 23ಕ್ಕೆ ಹೋಗಿ, ‘ನಿಜವಾದ ವಿದ್ಯಾರ್ಥಿ’ ಅನ್ನೋ ಪರೀಕ್ಷೆ ಬಂತು. ಈಗ ಅರ್ಜಿಯಲ್ಲೇ ಪ್ರಶ್ನೆ ಕೊಟ್ಟು, ಒಂದೊಂದಕ್ಕೂ 150 ಪದದೊಳಗೆ ಉತ್ತರ ಕೇಳ್ತಾರೆ. ಊರಿನ ಸಂಬಂಧ, ಮನೆಯ ಪರಿಸ್ಥಿತಿ, ಈ ಕೋರ್ಸೇ ಯಾಕೆ, ಹೀಗೆ. ವಾಪಸ್ ಬರ್ತೀನಿ ಅಂತ ಆಣೆ ಮಾಡು ಅಂತ ಯಾರೂ ಕೇಳಿಲ್ಲ. ಹಳೇ ಪರೀಕ್ಷೆಯ ಗೈಡು ಇಟ್ಟುಕೊಂಡು ಹೊಸ ಪ್ರಶ್ನೆಪತ್ರಿಕೆಗೆ ಉತ್ತರ ಬರೆದಿದ್ದಾರೆ.

ಇಷ್ಟೆಲ್ಲ ಯಾಕೆ ಕೆದಕ್ತಿದ್ದೀನಿ ಅಂದ್ರೆ, ಈ ಪತ್ರಕ್ಕೆ ಎರಡನೇ ಅವಕಾಶ ಇದೆ. ಎಲ್ಲ ಕಡೆ ಇರಲ್ಲ. ಅಮೆರಿಕದ ಕಾನ್ಸುಲೇಟ್ 214(ಬಿ) ಅಡಿ ಬೇಡ ಅಂದರೆ ಮೇಲ್ಮನವಿಯೇ ಇಲ್ಲ, ಹೊಸದಾಗಿ ಫೀಸು ಕಟ್ಟಿ ನಿಲ್ಲಬೇಕು. ಬ್ರಿಟನ್ನಿನ ಮರುಪರಿಶೀಲನೆ ಮುಖ್ಯವಾಗಿ ಅವರ ಕೈತಪ್ಪು ಹುಡುಕೋಕೆ. ಕೆನಡಾದಲ್ಲಿ ಫೆಡರಲ್ ಕೋರ್ಟಿಗೆ ಹೋಗಬಹುದು, ಅಲ್ಲಿ ನೋಡೋದು ನಿರ್ಧಾರ ಸಮಂಜಸವೋ ಅಲ್ಲವೋ ಅನ್ನೋದನ್ನ. ಆಸ್ಟ್ರೇಲಿಯಾದ ಒಳಗೇ ಇದ್ದು ಅರ್ಜಿ ಹಾಕಿದವನಿಗೆ ಮಾತ್ರ ಆಡಳಿತ ಪುನರ್‌ಪರಿಶೀಲನಾ ನ್ಯಾಯಮಂಡಳಿ ಇದೆ. ಹಳೆಯ ನ್ಯಾಯಮಂಡಳಿಯ ಜಾಗಕ್ಕೆ 2024ರ ಅಕ್ಟೋಬರ್ 14ರಂದು ಬಂದದ್ದು. 28 ದಿನದೊಳಗೆ ಹಾಕಬೇಕು, ಫೀಸು ಸುಮಾರು 3,500 ಡಾಲರ್. ನಮ್ಮ ದುಡ್ಡಲ್ಲಿ ಎರಡು ಲಕ್ಷದ ಹತ್ತಿರ. ಆದರೆ ಅವರು ಇಡೀ ವಿಷಯವನ್ನ ಮೊದಲಿಂದ ನೋಡ್ತಾರೆ, ಹೊಸ ದಾಖಲೆ ತಗೋತಾರೆ. ಇದೇ ಹುಡುಗ ತೆರಕಣಾಂಬಿಗೆ ಬಂದು ಇಲ್ಲಿಂದ ಅರ್ಜಿ ಹಾಕಿದ್ದಿದ್ದರೆ ಆ ಬಾಗಿಲೂ ಸಾಮಾನ್ಯವಾಗಿ ಇರ್ತಿರಲಿಲ್ಲ.

ಹಾಗಾಗಿ ಆರು ಪುಟ ಬದಿಗಿಟ್ಟು ಮತ್ತೆ ಬರೆಯೋಕೆ ಕೂತ್ವಿ. ಮಾದರಿ ಹುಡುಕೋಕೆ ದೂರ ಹೋಗಲಿಲ್ಲ. ಚಿಕ್ಕಪ್ಪನ ಲೆಕ್ಕದ ಪುಸ್ತಕ ನಾನು ನೋಡಿದ್ದೀನಿ. ತಾರೀಕು, ಎಷ್ಟು ಮೂಟೆ, ಏನು ರೇಟು, ಬೇಯಿಸಿದ ಕೂಲಿ, ಬಾಡಿಗೆ, ಉಳಿದದ್ದು. 2011ರ ಹೊತ್ತಿಗೆ ಅರಿಶಿನಕ್ಕೆ ಚಿನ್ನದಂಥ ರೇಟು ಬಂದು, ಮುಂದಿನ ವರ್ಷ ನೆಲಕ್ಕೆ ಬಿತ್ತಲ್ಲ, ಆಗಲೂ ಆ ಪುಟದಲ್ಲಿ ಒಂದು ‘ಅಯ್ಯೋ’ ಇಲ್ಲ. ಆದರೂ ಓದಿದರೆ ಹೊಟ್ಟೆ ಚುರುಕ್ ಅನ್ನುತ್ತೆ. ಹಾಗೆ ಬರಿ ಅಂದೆ. ಅಪ್ಪ ಹೋದ ದಿನ. ಆ ವಾರ ಇದ್ದ ಅಸೈನ್‌ಮೆಂಟು. ಮಣ್ಣಿಗೆ ಬರದೆ ಉಳಿದದ್ದು. ಎಚ್ಚರಿಕೆಯ ಮೇಲ್ ಬಂದ ದಿನ, ತೆರೆಯದೆ ಬಿಟ್ಟದ್ದು.

ದುಡ್ಡಿನ ಪ್ರಶ್ನೆಗೆ ಉತ್ತರ ಕೊಟ್ಟಿದ್ದು ಚಿಕ್ಕಮ್ಮ. ಅವರು ಅಷ್ಟರಲ್ಲಿ ಪೌತಿ ಖಾತೆ ಮಾಡಿಸಿ ಮುಗಿಸಿದ್ದರು! ಪಹಣಿಯಲ್ಲಿ ಈಗ ಅವರ ಹೆಸರಿನ ಜೊತೆ ಮಗನ ಹೆಸರು. ಸಾವನ್ನ ಮುಚ್ಚಿಟ್ಟರೆ ಈ ಕಾಗದವನ್ನೂ ತೋರಿಸೋ ಹಾಗಿಲ್ಲ. ಊರಿನ ಸಂಬಂಧ ಏನು ಅನ್ನೋ ಪ್ರಶ್ನೆಗೆ ಸರ್ವೆ ನಂಬರ್ ಸಮೇತ ಇರೋ ಪಹಣಿಗಿಂತ ಒಳ್ಳೆ ಉತ್ತರ ಯಾವುದಿದೆ?

ನನ್ನ ಕರಡೂ ದೋಷ ಇಲ್ಲದ್ದೇನಲ್ಲ. ಮೂರನೇ ಸೆಮಿಸ್ಟರನ್ನೂ ಅಪ್ಪನ ಸಾವಿನ ಲೆಕ್ಕಕ್ಕೇ ಸೇರಿಸಿ ನಾನು ಭಾವುಕವಾಗಿ ಒಂದು ಪ್ಯಾರಾ ಎಳೆದಿದ್ದೆ. ಓದಿದವನು ನಕ್ಕ. ‘ಅಣ್ಣ, ನಾನು ಅಷ್ಟು ಒಳ್ಳೆಯವನಲ್ಲ ಬುಡು. ರಾತ್ರಿ ಶಿಫ್ಟು ಮಾಡಿ ಬಂದು ಮಲಗ್ತಿದ್ದೆ. ಎದ್ದ ದಿನಾನೂ ಗೇಮ್ ಆಡ್ತಾ ಕೂತಿರ್ತಿದ್ದೆ. ಕ್ಲಾಸಿಗೆ ಹೋಗೋಕೆ ನಾಚಿಕೆ ಆಗೋದು.’ ನಾನು ಬೈದದ್ದು ರಜೆ ಚೀಟಿಯನ್ನ, ಬರೆದದ್ದೂ ರಜೆ ಚೀಟಿಯೇ. ಆ ಪ್ಯಾರಾ ತೆಗೆದು ಅವನ ಮಾತನ್ನೇ ಇಂಗ್ಲಿಷಿಗೆ ತಂದು ಹಾಕಿದ್ವಿ. ಹದಿನೈದು ದಿನಕ್ಕೆ 48 ಗಂಟೆಯ ಮಿತಿ ದಾಟಿಲ್ಲ ಅನ್ನೋದಕ್ಕೆ ಸಂಬಳದ ಚೀಟಿಗಳನ್ನೂ ಸೇರಿಸಿದ್ವಿ. ಗೇಮಿನ ಸಾಲು ಇರಬೇಕಾ ಬೇಡವಾ ಅಂತ ಎರಡು ರಾತ್ರಿ ಜಗಳ ಆಯ್ತು. ವಕೀಲರು ಬೇಡ ಅಂದರು. ಇವನು ಇರಲಿ ಅಂದ. ಇದೆ.

ಪತ್ರ ಈಗ ಎರಡು ಪುಟ. ನ್ಯಾಯಮಂಡಳಿ ಯಾವಾಗ ಕೈಗೆತ್ತಿಕೊಳ್ಳುತ್ತೋ, ಕಾಯ್ತಾ ಇದ್ದಾನೆ. ನಿನ್ನೆ ಮಂಡಿ ಚೀಟಿಗಳನ್ನ ಇಂಗ್ಲಿಷಿಗೆ ಮಾಡೋ ಅನುವಾದಕರು ಫೋನ್ ಮಾಡಿದ್ದರು. ಒಂದೇ ಬೆಳೆಗೆ ಕೊಂಬು ಅಂತ ಒಂದು ರೇಟು, ಗೆಡ್ಡೆ ಅಂತ ಇನ್ನೊಂದು ರೇಟು ಯಾಕಿದೆ ಅಂತ ಕೇಳಿದರು. ನನಗೆ ಸರಿಯಾಗಿ ಹೇಳೋಕೆ ಬರಲಿಲ್ಲ. ಚಿಕ್ಕಮ್ಮನ ನಂಬರ್ ಕೊಟ್ಟೆ.