ಉತ್ತರ ಕೊಡಲಾರದ ನಾಯಕಿ: ‘ಎಮಾನ್ಯುಯೆಲ್’ ಗಣಕ ಆಟದ ಒಂದು ಜಾನಪದೀಯ ಓದು

ಜಾನಪದ ಅಧ್ಯಯನದಲ್ಲಿ ‘ಪಾಲ್ಗೊಳ್ಳುವಿಕೆ’ ಎಂಬ ಪರಿಕಲ್ಪನೆಯನ್ನು ನಾವು ತೀರ ಸಡಿಲವಾಗಿ ಬಳಸುತ್ತ ಬಂದಿದ್ದೇವೆ. ಕಥೆ ಹೇಳುವ ಅಜ್ಜಿಗೆ ಎದುರಿನವರು ‘ಹೂಂ’ಗುಟ್ಟುತ್ತಿರಬೇಕು; ಹೂಂಗುಟ್ಟುವಿಕೆ ನಿಂತರೆ ಕಥೆಯೂ ನಿಲ್ಲುತ್ತದೆ. ಈ ‘ಹೂಂ’ ಕಥೆಯ ಹೊರಗಿನ ಸದ್ದಲ್ಲ, ಕಥನದ ಒಂದು ಅಂಗ ಎಂದು ನಾವು ಬರೆದಿದ್ದೇವೆ, ತರಗತಿಗಳಲ್ಲಿ ಪಾಠ ಮಾಡಿದ್ದೇವೆ. ಆದರೆ ಹೂಂಗುಟ್ಟುವವರ ಅಧಿಕಾರ ಎಷ್ಟು, ಕಥೆಯೊಳಗಿನ ಪಾತ್ರದ ಅಧಿಕಾರ ಎಷ್ಟು ಎಂಬ ಪ್ರಶ್ನೆಯನ್ನು ಕೇಳಿಕೊಂಡದ್ದು ಕಡಿಮೆ. ಕೇಳುಗನ ಕೈಗೇ ಕಥೆಯ ಚುಕ್ಕಾಣಿಯನ್ನು ಕೊಟ್ಟಿದ್ದೇವೆ ಎಂದು ಗಣಕ ಆಟಗಳು ಹೇಳಿಕೊಳ್ಳತೊಡಗಿದ ಮೇಲೆ ಈ ಪ್ರಶ್ನೆಯನ್ನು ಮುಂದೂಡುವಂತಿಲ್ಲ. ಪ್ರಸ್ತುತ ಲೇಖನವು ಅಂತಹ ಒಂದು ಆಟವನ್ನು, ಅದೂ ವಯಸ್ಕರಿಗೆಂದೇ ಸಿದ್ಧವಾದ, ಚಲನಚಿತ್ರವೊಂದರಿಂದ ಹುಟ್ಟಿದ ಆಟವನ್ನು, ಆಡಿ ನೋಡಿದ ಅನುಭವದಿಂದ ಹೊರಟಿದೆ. ಅಕಾಡೆಮಿಯ ಸ್ಮರಣ ಸಂಪುಟದಲ್ಲಿ ಇದಕ್ಕೇನು ಕೆಲಸ ಎಂದು ಕೇಳುವ ಹಿರಿಯರಿದ್ದಾರೆ. ಅವರ ಆಕ್ಷೇಪಕ್ಕೆ ಮುಂದೆ ಬರುತ್ತೇನೆ.

ಆಟದ ಹೆಸರು ‘ಎಮಾನ್ಯುಯೆಲ್’. ಫ್ರಾನ್ಸಿನ ಕೊಕ್ತೆಲ್ ವಿಜನ್ ಸಂಸ್ಥೆ ಇದನ್ನು 1989ರಲ್ಲಿ ಅಮಿಗಾ, ಅಟಾರಿ ಎಸ್‌ಟಿ ಮತ್ತು ಡಾಸ್ ಗಣಕಗಳಿಗಾಗಿ ಹೊರತಂದಿತು. ಇದರ ಮೂಲದಲ್ಲಿರುವುದು ಜಸ್ಟ್ ಜೆಕಿನ್ ನಿರ್ದೇಶಿಸಿ, ಸಿಲ್ವಿಯಾ ಕ್ರಿಸ್ಟೆಲ್ ನಾಯಕಿಯಾಗಿದ್ದ 1974ರ ಫ್ರೆಂಚ್ ಚಿತ್ರ. ಚಿತ್ರಕ್ಕೂ ಹಿಂದೆ ಎಮಾನ್ಯುಯೆಲ್ ಆರ್ಸಾನ್ ಎಂಬ ಕಾವ್ಯನಾಮದ ಕಾದಂಬರಿ ಇತ್ತು. ಚಿತ್ರದ ಜನಪ್ರಿಯತೆ ಎಷ್ಟಿತ್ತೆಂದರೆ ಒಂದರ ಹಿಂದೊಂದು ಮುಂದುವರಿದ ಭಾಗಗಳು ಬಂದವು. ಬೆತ್ತದ ಕುರ್ಚಿಯಲ್ಲಿ ಕುಳಿತ ನಾಯಕಿಯ ಭಿತ್ತಿಚಿತ್ರ ಚಿತ್ರವನ್ನೇ ನೋಡದವರಿಗೂ ಪರಿಚಿತವಾಯಿತು. ಆಟವನ್ನು ರೂಪಿಸಿದವರು ಮ್ಯೂರಿಯೆಲ್ ಟ್ರಾಮಿಸ್. ಕೆರಿಬಿಯನ್ ಸಮುದ್ರದ ಫ್ರೆಂಚ್ ದ್ವೀಪ ಮಾರ್ಟಿನಿಕ್‌ನಲ್ಲಿ ಹುಟ್ಟಿದ, ಇಂಜಿನಿಯರಿಂಗ್ ಓದಿದ ಮಹಿಳೆ. 2018ರಲ್ಲಿ ಫ್ರಾನ್ಸ್ ದೇಶದ ಲೀಜನ್ ಆಫ್ ಆನರ್ ಗೌರವ ಪಡೆದವರು. ಕಾದಂಬರಿಗೆ ಹೆಣ್ಣಿನ ಹೆಸರು, ಚಿತ್ರಕ್ಕೆ ಗಂಡು ನಿರ್ದೇಶಕ, ಆಟಕ್ಕೆ ಮತ್ತೆ ಹೆಣ್ಣು ನಿರ್ಮಾತೃ. ಈ ಸಾಲನ್ನು ಮಾತ್ರ ನೋಡಿದವರು ಆಟದಲ್ಲಿ ನಾಯಕಿಯ ಸ್ಥಾನ ಹಿರಿದಾಗಿರಬೇಕೆಂದು ಊಹಿಸುವುದು ಸಹಜ. ನಾನೂ ಹಾಗೆಯೇ ಊಹಿಸಿದ್ದೆ.

ಹಳೆಯ ಗಣಕವನ್ನು ಹೊಸ ಗಣಕದೊಳಗೆ ಅನುಕರಿಸಿ ತೋರಿಸುವ ತಂತ್ರಾಂಶದ ನೆರವಿನಿಂದ ಮೂರು ಸಂಜೆ ಈ ಆಟದೊಡನೆ ಕುಳಿತೆ. ಕಥೆ ನಡೆಯುವುದು ಬ್ರೆಜಿಲ್‌ನಲ್ಲಿ. ಮೂಲ ಚಿತ್ರದ ಬ್ಯಾಂಕಾಕ್ ಇಲ್ಲಿಲ್ಲ. ಆಟಗಾರನು ಒಬ್ಬ ಗಂಡಸು. ಎಮಾನ್ಯುಯೆಲ್‌ಳನ್ನು ಒಲಿಸಿಕೊಳ್ಳುವುದು ಅವನ ಗುರಿ. ಪರದೆಯ ಮೇಲಿನ ಚಿತ್ರಗಳಲ್ಲಿ ಎಲ್ಲಿ ಒತ್ತಬೇಕೆಂದು ಹುಡುಕುತ್ತ, ಊರಿಂದೂರಿಗೆ ಹೋಗುತ್ತ, ಗುರಿಗೆ ಹತ್ತಿರವಾಗಬೇಕು. ಇಂದಿನ ಕಣ್ಣಿಗೆ ಚಿತ್ರಗಳು ಒರಟು. ಬಣ್ಣಗಳು ಎಣಿಕೆಗೆ ಸಿಗುವಷ್ಟು. ರೋಮಾಂಚನಕ್ಕಿಂತ ಹೆಚ್ಚಾಗಿ ನನಗಾದದ್ದು ಬೇಸರ, ಎರಡನೆಯ ಸಂಜೆಯ ಹೊತ್ತಿಗೆ ಕುತ್ತಿಗೆನೋವು. ಆದರೆ ಮೊದಲ ಸಂಜೆಯೇ ಒಂದು ಸಂಗತಿ ಚುಚ್ಚಿತು. ಆಟ ‘ನೀನು’ ಎಂದು ಯಾರನ್ನು ಕರೆಯುತ್ತಿದೆಯೋ ಆ ಸ್ಥಾನದಲ್ಲಿ ನಾನಿರಲಿಲ್ಲ. ಮೌಸ್ ನನ್ನ ಕೈಯಲ್ಲಿತ್ತು, ಆಸೆ ಮಾತ್ರ ಬೇರೊಬ್ಬನದು. ಪುರುಷ ಪಾತ್ರವನ್ನು ಧರಿಸುವುದು ಹೆಣ್ಣಿಗೆ ಹೊಸದೇನಲ್ಲ. ಮದುವೆಮನೆಯ ಹಿತ್ತಲಲ್ಲಿ ಗಂಡಸರ ಅಂಗಿ ತೊಟ್ಟು ಗಂಡಸರನ್ನೇ ಗೇಲಿ ಮಾಡುವ ಹೆಂಗಸರನ್ನು ನಾನು ಬಲ್ಲೆ. ಅಲ್ಲಿ ವೇಷವೆಂಬುದು ಗೇಲಿಯ ಸಾಧನ. ಇಲ್ಲಿ ವೇಷ ಕಳಚಲು ಜಾಗವೇ ಇಲ್ಲ.

ಚಿತ್ರ ಆಟವಾಗುವಾಗ ನಡೆದಿರುವ ಮುಖ್ಯ ಪಲ್ಲಟ ಇದು. 1974ರ ಚಿತ್ರ ಎಷ್ಟೇ ಪುರುಷದೃಷ್ಟಿಯದಾದರೂ ಕಥೆಯ ಕೇಂದ್ರದಲ್ಲಿದ್ದವಳು ನಾಯಕಿ. ಬ್ಯಾಂಕಾಕಿಗೆ ಬಂದಿಳಿಯುವವಳು ಅವಳು, ಅನುಭವ ಅವಳದು, ಕಥೆ ಸಾಗುವುದು ಅವಳ ಹಿಂದೆ. ಮಾರಿಯೋ ಎಂಬ ವಯಸ್ಸಾದ ಗಂಡಸು ಅವಳಿಗೆ ಗುರುವಿನಂತೆ ಉಪದೇಶಿಸುವ ಭಾಗ ಇಂದು ನೋಡಲು ಕಷ್ಟವೇ. ಆದರೂ ಆ ಕಥೆಯ ವ್ಯಾಕರಣದಲ್ಲಿ ಅವಳು ಕರ್ತೃಪದ. ಆಟಕ್ಕೆ ಬಂದಾಗ ಅದೇ ಹೆಸರು ಕರ್ಮಪದವಾಗಿದೆ. ವ್ಲಾದಿಮಿರ್ ಪ್ರಾಪ್ 1928ರ ತನ್ನ ಕೃತಿಯಲ್ಲಿ ಗುರುತಿಸಿದ ಪಾತ್ರವರ್ಗಗಳಲ್ಲಿ ‘ಅರಸಲ್ಪಡುವವಳು’ ಎಂಬುದೊಂದಿದೆಯಷ್ಟೆ. ಎಮಾನ್ಯುಯೆಲ್ ಅಲ್ಲಿಗೆ ಬಂದು ಕೂತಿದ್ದಾಳೆ. ಕನ್ನಡ ಕಥೆಗಳನ್ನು ಮುಂದಿಟ್ಟುಕೊಂಡು ಎ.ಕೆ. ರಾಮಾನುಜನ್ ಮಾಡಿದ ವಿವೇಚನೆ ಇಲ್ಲಿ ಹೆಚ್ಚು ಹರಿತವಾಗಿ ಅನ್ವಯಿಸುತ್ತದೆ. ಪುರುಷಕೇಂದ್ರಿತ ಕಥೆಗಳಲ್ಲಿ ಹೆಣ್ಣು ಸಾಹಸದ ಕೊನೆಗೆ ಸಿಗುವ ಬಹುಮಾನ. ಸ್ತ್ರೀಕೇಂದ್ರಿತ ಕಥೆಗಳಲ್ಲಿ ಮದುವೆ ಕೊನೆಯಲ್ಲ, ಕಷ್ಟಗಳ ಆರಂಭ. ಮತ್ತು ಆ ಕಷ್ಟ ಬಗೆಹರಿಯುವುದು ಅವಳು ತನ್ನ ಕಥೆಯನ್ನು ತಾನೇ ಹೇಳಲು ಸಾಧ್ಯವಾದಾಗ. ಒಂದೇ ವಸ್ತು ಮಾಧ್ಯಮ ಬದಲಾದೊಡನೆ ಎರಡನೆಯ ಬಗೆಯ ಅಂಚಿನಿಂದ ಮೊದಲನೆಯ ಬಗೆಯ ನಡುವಿಗೆ ಜಾರಿದೆ.

ರಾಮಾನುಜನ್ ಸಂಗ್ರಹಿಸಿದ, 1997ರ ಸಂಕಲನಕ್ಕೆ ತನ್ನ ಹೆಸರನ್ನೇ ಕೊಟ್ಟ ಕನ್ನಡದ ಕಥೆಯೊಂದಿದೆ: ಹೂಮರವಾಗುವ ಹುಡುಗಿಯ ಕಥೆ. ಗಿರೀಶ್ ಕಾರ್ನಾಡರ ‘ಚೆಲುವಿ’ (1992) ಚಿತ್ರಕ್ಕೂ ಇದೇ ಆಧಾರ. ಬಡ ತಾಯಿಯ ಕಷ್ಟ ನೋಡಲಾರದ ಹುಡುಗಿ ಅಕ್ಕನಿಗೆ ಒಂದು ಗುಟ್ಟು ಹೇಳುತ್ತಾಳೆ. ಒಂದು ಬಿಂದಿಗೆ ನೀರು ತನ್ನ ಮೇಲೆ ಸುರಿದರೆ ತಾನು ಹೂಮರವಾಗುವೆ. ಇನ್ನೊಂದು ಬಿಂದಿಗೆ ಸುರಿದರೆ ಮತ್ತೆ ಹೆಣ್ಣಾಗುವೆ. ಆದರೆ ನೀರಿಗೆ ಉಗುರು ತಾಗಬಾರದು, ಹೂ ಕೀಳುವಾಗ ಎಲೆಗೆ, ಕೊಂಬೆಗೆ ಪೆಟ್ಟಾಗಬಾರದು. ಈ ನಿಯಮಗಳನ್ನು ಮುಂದಿಡುವವಳು ಹುಡುಗಿಯೇ ಎಂಬುದನ್ನು ಗಮನಿಸಬೇಕು. ಇದು ಒಂದು ಆಟದ ನಿಯಮಾವಳಿಯೇ ಸರಿ: ಎರಡು ಬಿಂದಿಗೆ, ಇಷ್ಟು ಎಚ್ಚರಿಕೆ, ಹೀಗೆ ಮಾಡಿದರೆ ಹೀಗಾಗುತ್ತದೆ. ಅಕ್ಕ ನಿಯಮ ಪಾಲಿಸುತ್ತಾಳೆ. ಗುಟ್ಟು ತಿಳಿದ ರಾಜಕುಮಾರ ಅವಳನ್ನು ಮದುವೆಯಾಗಿ ಮರವಾಗೆಂದು ಒತ್ತಾಯಿಸುತ್ತಾನೆ. ಅವಳು ಮನಸ್ಸಿಲ್ಲದೆಯೇ ಒಪ್ಪುತ್ತಾಳೆ. ನಾದಿನಿಯೂ ಅವಳ ಗೆಳತಿಯರೂ ಮಾತ್ರ ಹೂವಿನ ಆಸೆಗೆ ಕೊಂಬೆ ಮುರಿದು, ಎರಡನೆಯ ಬಿಂದಿಗೆಯನ್ನು ಅಡ್ಡಾದಿಡ್ಡಿ ಸುರಿದು ಓಡಿಹೋಗುತ್ತಾರೆ. ಹುಡುಗಿ ಕೈಕಾಲಿಲ್ಲದ ಮುಂಡವಾಗಿ ಉಳಿಯುತ್ತಾಳೆ. ಕಥೆಯ ಉಳಿದರ್ಧವೆಲ್ಲ ಆ ಮುರಿತದ ಲೆಕ್ಕ. ಕೊನೆಗೆ ಗಂಡನೇ ಮುರಿದ ಕೊಂಬೆಗಳನ್ನು ಒಂದೊಂದಾಗಿ ಜೋಡಿಸಿ ನೀರು ಸುರಿಯಬೇಕಾಗುತ್ತದೆ.

ಈ ಕಥೆಯಲ್ಲಿ ತಪ್ಪಿನ ಪೆಟ್ಟು ಬೀಳುವುದು ಯಾರ ಮೇಲೆ? ಹುಡುಗಿಯ ಮೈಮೇಲೆ. ಕೇಳುಗನಿಗೂ ಅದು ತಾಗುತ್ತದೆ, ಏಕೆಂದರೆ ಹೂ ಬೇಕೆಂದು ಹೂಂಗುಟ್ಟಿದವನು ಅವನೂ ಹೌದು. ‘ಎಮಾನ್ಯುಯೆಲ್’ ಆಟದಲ್ಲಿ ತಪ್ಪಿನ ಪೆಟ್ಟು ಬೀಳುವುದು ಆಟಗಾರನ ಪ್ರಗತಿಯ ಮೇಲೆ ಮಾತ್ರ. ನಾನು ತಪ್ಪು ಮಾಡಿದಾಗಲೆಲ್ಲ ತಂತ್ರಾಂಶದಲ್ಲಿ ಕಾದಿರಿಸಿದ ಹಿಂದಿನ ಸ್ಥಿತಿಗೆ ಮರಳಿದೆ. ಎದುರಿನ ಹೆಣ್ಣಿನಲ್ಲಿ ಯಾವ ನೆನಪೂ ಉಳಿಯಲಿಲ್ಲ. ಅವಳು ಮಾತನಾಡುವುದಿಲ್ಲವೆಂದಲ್ಲ. ಆದರೆ ಅವಳ ಮಾತು ಬೀಗದ ಹಾಗೆ. ಸರಿಯಾದ ಕೀಲಿಗೆ ತೆರೆಯುತ್ತದೆ, ತಪ್ಪು ಕೀಲಿಗೆ ತೆರೆಯುವುದಿಲ್ಲ. ಬೀಗ ತೆರೆಯದಿರುವುದನ್ನು ಯಾರೂ ನಿರಾಕರಣೆ ಎನ್ನುವುದಿಲ್ಲ. ಪರಸ್ಪರ ಕ್ರಿಯೆ ಎಂದು ಹೆಸರಾದ ಈ ಮಾಧ್ಯಮದಲ್ಲಿ ‘ಪರಸ್ಪರ’ ಎಂಬ ಅರ್ಧ ಭಾಗ ಕಾಣೆಯಾಗಿದೆ ಎಂಬುದೇ ಈ ಆಟದ ಬಗೆಗೆ ನನ್ನ ಮುಖ್ಯ ತಕರಾರು. ಅದರ ನಗ್ನತೆಯ ಬಗೆಗೆ ನನ್ನ ತಕರಾರಿಲ್ಲ.

ಇಲ್ಲಿ ಹಿರಿಯರ ಆಕ್ಷೇಪಕ್ಕೆ ಬರಬಹುದು. ಅಶ್ಲೀಲವೆಂಬ ಕಾರಣಕ್ಕೆ ಒಂದು ವಸ್ತುವನ್ನು ಅಧ್ಯಯನದಿಂದ ಹೊರಗಿಟ್ಟದ್ದಕ್ಕೆ ನಮ್ಮ ಕ್ಷೇತ್ರ ಈಗಾಗಲೇ ಸಾಕಷ್ಟು ಬೆಲೆ ತೆತ್ತಿದೆ. ಜಾನಪದ ಗೀತ ಸಂಕಲನಗಳಲ್ಲಿ ಪದವಿರಬೇಕಾದ ಜಾಗದಲ್ಲಿ ಚುಕ್ಕಿಗಳನ್ನು ಕಾಣದ ಓದುಗರಿಲ್ಲ. ನನ್ನ ಮಹಾಪ್ರಬಂಧವೂ ಇದಕ್ಕೆ ಹೊರತಲ್ಲ. ಬೀಗರ ಹಾಡುಗಳನ್ನು ಸಂಗ್ರಹಿಸುತ್ತಿದ್ದಾಗ ಒಬ್ಬ ಅಜ್ಜಿ ಹದಿನಾಲ್ಕು ಹಾಡು ಹಾಡಿ, ನಡುನಡುವೆ ತಾವೇ ನಕ್ಕು, ‘ಇವನ್ನೆಲ್ಲ ಬರಕಂಡೋಗಿ ಏನ್ ಮಾಡ್ತೀಯವ್ವ’ ಎಂದಿದ್ದರು. ಹಿರಿಯರೊಬ್ಬರ ಸಲಹೆಯಂತೆ ಅವುಗಳಲ್ಲಿ ಹನ್ನೊಂದನ್ನು ಅನುಬಂಧದಿಂದಲೂ ಕೈಬಿಟ್ಟೆ. ಸಲಹೆ ಅವರದು, ಕೈಬಿಟ್ಟ ಕೈ ನನ್ನದು. ಆ ಹಾಡುಗಳ ಜೀವವಿರುವುದು ಬೈಗುಳದಲ್ಲಲ್ಲ, ತಿರುಗೇಟಿನಲ್ಲಿ. ಹೆಣ್ಣಿನ ಕಡೆಯವರು ಬೀಗರ ಮಾನ ಕಳೆದರೆ ಗಂಡಿನ ಕಡೆಯವರು ಮರುಹಾಡಿನಲ್ಲಿ ಇವರ ಮಾನ ಕಳೆಯುತ್ತಾರೆ. ಸೋತ ಕಡೆಗೆ ಹಾಡು ಹೊಳೆಯದೆ ಹೋಗುವುದೇ ಸೋಲು. ಉತ್ತರ ಕರ್ನಾಟಕದ ‘ಸಂಗ್ಯಾ ಬಾಳ್ಯಾ’ ಸಣ್ಣಾಟದಲ್ಲಿಯೂ ಹಾದರದ ಕಥೆಯ ನಡುವೆ ಗಂಗಿಗೆ ಅವಳದೇ ಹಾಡಿನ ಪಾಲಿದೆ. ನಮ್ಮ ಮೌಖಿಕ ಪರಂಪರೆಯ ಶೃಂಗಾರ ನಿರ್ಮಲವಾಗಿತ್ತೆಂದು ನಾನು ವಾದಿಸುತ್ತಿಲ್ಲ. ಅದರಲ್ಲಿ ಕ್ರೌರ್ಯವೂ ಇದೆ. ಎದುರಾಳಿಗೆ ಬಾಯಿದೆ ಎಂಬುದಷ್ಟೇ ನನ್ನ ಮಾತು.

ಅದೇ ಅಜ್ಜಿಯನ್ನು ಈಚೆಗೆ ಮತ್ತೆ ಕಂಡಾಗ, ನಾನು ಆಡಿದ ಆಟವನ್ನು ಕಥೆಯ ಹಾಗೆ ಹೇಳಿದೆ. ಒಬ್ಬ ಗಂಡಸು, ದೂರದ ಸೀಮೆ, ಒಬ್ಬಳನ್ನು ಒಲಿಸಿಕೊಳ್ಳಲು ಊರೂರು ಸುತ್ತುತ್ತಾನೆ. ಅವರು ಒಂದಿಷ್ಟೂ ಮುಜುಗರಪಡದೆ ಹೂಂಗುಟ್ಟುತ್ತ ಕೇಳಿದರು. ಮುಗಿದಾಗ, ‘ಅದಿರ್ಲಿ ಕಣವ್ವ, ಅವಳೇನಂದ್ಲು?’ ಎಂದರು. ನನ್ನ ಟಿಪ್ಪಣಿ ಪುಸ್ತಕದಲ್ಲಿ ಆ ಪ್ರಶ್ನೆಗೆ ಉತ್ತರವಾಗಬಲ್ಲ ಒಂದು ಸಾಲೂ ಇರಲಿಲ್ಲ.

ಈ ಕೊರತೆಯನ್ನು ನಿರ್ಮಾತೃವಿನ ಅಜ್ಞಾನಕ್ಕೆ ಹೊರಿಸುವಂತಿಲ್ಲ. ಇದೇ ಟ್ರಾಮಿಸ್ 1987ರಲ್ಲಿ ಲೇಖಕ ಪ್ಯಾಟ್ರಿಕ್ ಶಾಮ್ವಾಸೋ ಅವರೊಡನೆ ಸೇರಿ ‘ಮೆವಿಲೊ’ ಎಂಬ ಆಟವನ್ನು ರೂಪಿಸಿದ್ದರು. ಅದರ ಆಧಾರ ಮಾರ್ಟಿನಿಕ್‌ನ ಚಿನ್ನದ ಕೊಡಗಳ ಐತಿಹ್ಯ. ಗುಲಾಮರ ದಂಗೆಗೆ ಹೆದರಿದ ತೋಟದೊಡೆಯ ತನ್ನ ನಂಬಿಕೆಯ ಗುಲಾಮನಿಂದಲೇ ಗುಂಡಿ ತೋಡಿಸಿ, ಚಿನ್ನದ ಕೊಡವನ್ನಿಟ್ಟು, ಅವನನ್ನೂ ಕೊಂದು ಜೊತೆಗೇ ಹೂಳುತ್ತಾನೆ; ಸತ್ತವನ ಪ್ರೇತ ನಿಧಿಯನ್ನು ಕಾಯುತ್ತದೆ. ನಿಧಿಗೆ ಬಲಿ ಬೇಕೆಂಬ ನಂಬಿಕೆಯನ್ನು, ನಿಧಿ ಕಾಯುವ ಹಾವು, ಪ್ರೇತಗಳ ಕಥೆಗಳನ್ನು ಬಲ್ಲ ನಮಗೆ ಈ ಆಶಯದ ಭಾರ ಬೇಗ ತಿಳಿಯುತ್ತದೆ. ಆಟ ನಡೆಯುವ ಕಾಲ 1902ರ ಮೇ 7, ಸೇಂಟ್ ಪಿಯೆರ್ ಪಟ್ಟಣ. ಮರುದಿನ ಪೆಲೇ ಜ್ವಾಲಾಮುಖಿ ಸಿಡಿದು ಆ ಪಟ್ಟಣವನ್ನು ನಾಶ ಮಾಡಿತು. ಸತ್ತವರು ಸುಮಾರು 28,000. ಅಲ್ಲಿ ನಿಧಿಗೆ ಒಂದು ಗತವಿದೆ, ಕಾಯುವವನಿಗೆ ಒಂದು ಅನ್ಯಾಯದ ನೆನಪಿದೆ. ಮರುವರ್ಷದ ‘ಫ್ರೀಡಮ್’ ಆಟದಲ್ಲಿ ಆಟಗಾರ ದಂಗೆಯೇಳುವ ಗುಲಾಮರ ಪಕ್ಷದಲ್ಲಿ ನಿಲ್ಲಬೇಕು. ಯಾರ ಕಣ್ಣಿನಿಂದ ಕಥೆ ಹೇಳಬೇಕೆಂಬುದನ್ನು ಇಷ್ಟು ಸೂಕ್ಷ್ಮವಾಗಿ ಬಲ್ಲವರು ‘ಎಮಾನ್ಯುಯೆಲ್’ನಲ್ಲಿ ಹೆಣ್ಣನ್ನೇ ನಿಧಿಯಾಗಿಸಿದರು, ಮತ್ತು ಆ ನಿಧಿಗೆ ಗತವನ್ನು ಕೊಡಲಿಲ್ಲ.

ಹಾಗಾದರೆ ಕಾರಣವೇನು? 1989ರ ಗಣಕದ ಮಿತಿಯೆಂದು ಹೇಳಬಹುದು; ಕೆಲವೇ ಫ್ಲಾಪಿಗಳಲ್ಲಿ ಅಡಗಬೇಕಾದ ಕಥೆಯಲ್ಲಿ ಎಷ್ಟು ಉತ್ತರಗಳನ್ನು ತುಂಬಲಾದೀತು? ಆದರೆ ‘ಮೆವಿಲೊ’ ಸಿದ್ಧವಾದದ್ದು ಇನ್ನೂ ಹಿಂದಿನ ಮಿತಿಯಲ್ಲಿ. ನನ್ನ ಅಭಿಪ್ರಾಯದಲ್ಲಿ ಕಾರಣವಿರುವುದು ಆಶಯದ ಆಯ್ಕೆಯಲ್ಲಿ. ಅರಸಿ ಹೊರಡುವ ನಾಯಕನ ಕಥೆ ಗಣಕಕ್ಕೆ ಸುಲಭ: ಗುರಿಯೊಂದು, ಅಡೆತಡೆ ಹಲವು, ಏರುವ ಮೆಟ್ಟಿಲು. ಪ್ರಸಿದ್ಧ ಚಿತ್ರವೊಂದರ ಹೆಸರು ಹೊತ್ತ ಸರಕಿಗೆ ಗಂಡಸರೇ ಕೊಳ್ಳುಗರೆಂಬ ಮಾರುಕಟ್ಟೆಯ ಎಣಿಕೆಯೂ ಇದಕ್ಕೆ ಕೂಡಿಕೊಂಡಿರಬೇಕು. ಅಡುಗೆಮನೆಯ ಕಥೆ ಚಾವಡಿಗೆ ಬಂದಾಗ ಗಂಡುಕಥೆಯ ಕಟ್ಟನ್ನು ತೊಡುವುದನ್ನು ನಾವು ಹಿಂದೆಯೂ ಕಂಡಿದ್ದೇವೆ. ಹೇಳುವವಳು ಹೆಣ್ಣೇ ಆಗಿದ್ದಾಗಲೂ.

ಈ ಆಟವನ್ನೇ ಟ್ರಾಮಿಸ್ ಅವರ ಕೊನೆಯ ಮಾತೆಂದು ತಿಳಿಯಬಾರದು. 1991ರಲ್ಲಿ ಅವರು ‘ಫ್ಯಾಸಿನೇಶನ್’ ಎಂಬ ಇನ್ನೊಂದು ವಯಸ್ಕರ ಆಟವನ್ನು ರೂಪಿಸಿದರು. ಅದಕ್ಕೆ ಯಾವ ಚಿತ್ರದ ಹಂಗೂ ಇಲ್ಲ. ಅದರ ನಾಯಕಿ ಡೊರಾಲಿಸ್ ವಿಮಾನ ಚಾಲಕಿ; ಪ್ರಯಾಣಿಕನೊಬ್ಬ ಸಾಯುವ ಮುನ್ನ ಅವಳಿಗೆ ಒಪ್ಪಿಸಿದ ವಸ್ತುವಿನ ಜಾಡು ಹಿಡಿದು ಅಮೆರಿಕದ ಮಯಾಮಿಯಲ್ಲಿ ಕಥೆ ಬೆಳೆಯುತ್ತದೆ. ಅಲ್ಲಿಯೂ ನಗ್ನತೆಯಿದೆ, ಅಲ್ಲಿಯೂ ಪರದೆಯಲ್ಲಿ ಒತ್ತಬೇಕಾದ ಜಾಗಗಳನ್ನು ಹುಡುಕಿ ಬೇಸರವಾಗುತ್ತದೆ. ಆದರೆ ಬಾಗಿಲು ತಟ್ಟುವವಳು, ಪ್ರಶ್ನೆ ಕೇಳುವವಳು, ಬೇಡವೆಂದು ಹೊರಟುಬರುವವಳು ಡೊರಾಲಿಸ್. ಆಟವಾಡುವವನು ಗಂಡಸಾಗಿದ್ದರೆ, ಅಷ್ಟು ಹೊತ್ತು ಅವನೇ ವೇಷ ತೊಡಬೇಕು.