ಜಾಶಿಕಿ-ವರಾಶಿ: ಮನೆ ತೊರೆದ ದೈವ ಮತ್ತು ಊರಿನ ಕಥನ

ಜಪಾನಿನ ಈಶಾನ್ಯ ಸೀಮೆಯ ಹಳೆಯ ಮನೆಗಳಲ್ಲಿ ನೆಲೆಸಿರುವುದೆಂದು ನಂಬಲಾದ ಮಗುವಿನ ರೂಪದ ದೈವವೇ ಜಾಶಿಕಿ-ವರಾಶಿ. ‘ಜಾಶಿಕಿ’ ಎಂದರೆ ಚಾಪೆ ಹಾಸಿದ ಒಳಕೋಣೆ, ‘ವರಾಶಿ’ ಎಂದರೆ ಮಗು. ಅದಿರುವ ಮನೆ ಏಳಿಗೆ ಹೊಂದುತ್ತದೆ, ಅದು ತೊರೆದ ಮನೆ ಅಳಿಯುತ್ತದೆ ಎಂಬುದು ನಂಬಿಕೆ. ಜನಪ್ರಿಯ ಬರವಣಿಗೆಗಳು ಇದನ್ನು ಅದೃಷ್ಟದೈವವೆಂದಷ್ಟೇ ಪರಿಚಯಿಸುತ್ತವೆ. ಆದರೆ 1910ರಲ್ಲಿ ಪ್ರಕಟವಾದ ‘ತೋನೋ ಮೊನೊಗತಾರಿ’ ಈ ಸರಳ ಗ್ರಹಿಕೆಯನ್ನು ಪ್ರಶ್ನಿಸುವಂತಿದೆ.

ತೋನೋ ಸೀಮೆಯ ಸಸಾಕಿ ಕಿಜೆನ್ ಹೇಳಿದ ಕಥನಗಳನ್ನು ಯಾನಾಗಿತಾ ಕುನಿಯೊ ಬರೆಹಕ್ಕಿಳಿಸಿದ ಈ ಕೃತಿಯಲ್ಲಿ 119 ಕಥನಗಳಿವೆ. 18ನೆಯ ಕಥನದಲ್ಲಿ, ಪೇಟೆಯಿಂದ ಮರಳುತ್ತಿದ್ದ ಊರಿನವನೊಬ್ಬನಿಗೆ ಸೇತುವೆಯ ಬಳಿ ಅಪರಿಚಿತ ಹುಡುಗಿಯರಿಬ್ಬರು ಎದುರಾಗುತ್ತಾರೆ. ತಾವು ಸಿರಿವಂತ ಮಾಗೊಜಾಎಮೊನ್‌ನ ಮನೆಯಿಂದ ಹೊರಟು ಬೇರೊಂದು ಊರಿನ ಮನೆಗೆ ಹೋಗುತ್ತಿರುವುದಾಗಿ ತಿಳಿಸುತ್ತಾರೆ. ಸ್ವಲ್ಪಕಾಲದಲ್ಲೇ ಆ ಮನೆಯ ಇಪ್ಪತ್ತಕ್ಕೂ ಹೆಚ್ಚು ಮಂದಿ ವಿಷದ ಅಣಬೆ ತಿಂದು ಒಂದೇ ದಿನ ಸಾಯುತ್ತಾರೆ. ಏಳು ವರ್ಷದ ಬಾಲಕಿ ಮಾತ್ರ ಉಳಿಯುತ್ತಾಳೆ. ಹುಡುಗಿಯರು ಸೇರಿದ ಮನೆಯಾದರೋ ಕಥನಕಾಲಕ್ಕೆ ಸ್ಥಿತಿವಂತ ರೈತರ ಮನೆಯಾಗಿದೆ.

ಈ ಕಥನವನ್ನು ಒಂಟಿಯಾಗಿ ಓದಿದರೆ ದೈವದ ಮಹಿಮೆಯಷ್ಟೇ ಕಾಣುತ್ತದೆ. ಅದರ ಬೆನ್ನಿಗೇ ಇರುವ 19ನೆಯದು ಬೇರೆಯದನ್ನೇ ತೋರಿಸುತ್ತದೆ. ಆಟದಲ್ಲಿ ಮೈಮರೆತು ಊಟಕ್ಕೆ ಬಾರದ ಕಾರಣ ಬಾಲಕಿ ಬದುಕುಳಿದಳು. ಆ ಗದ್ದಲದ ನಡುವೆ ಬಂಧುಗಳೆನಿಸಿಕೊಂಡವರು ಹಳೆಯ ಸಾಲ, ಹಿಂದೆ ಕೊಟ್ಟ ಮಾತು ಎಂದೆಲ್ಲ ನೆಪ ಹೇಳಿ, ಮನೆಯ ಮಿಸೊವನ್ನೂ ಬಿಡದೆ ಸಾಮಾನುಗಳನ್ನು ಹೊತ್ತೊಯ್ದರು. ಹೀಗೆ ಸಂಪತ್ತು ಕೈಬದಲಾದುದಕ್ಕೆ ಪಠ್ಯದಲ್ಲಿ ಎರಡು ವಿವರಣೆಗಳಿವೆ: ಒಂದರಲ್ಲಿ ಸಿರಿ ದೈವದೊಡನೆ ಸೇತುವೆ ದಾಟುತ್ತದೆ, ಇನ್ನೊಂದರಲ್ಲಿ ಬಂಧುಗಳ ಹೆಗಲೇರುತ್ತದೆ. ಮೊದಲನೆಯದು ಪತನವನ್ನು ವಿಧಿಯಾಗಿಸಿ ಊರನ್ನು ಹೊಣೆಯಿಂದ ಬಿಡಿಸುತ್ತದೆ. ಎರಡನೆಯದು ಆ ಬಿಡುಗಡೆಯನ್ನು ಅಲ್ಲಗಳೆಯುತ್ತದೆ. ದೈವದ ಕಥನ ಮನೆಯೊಳಗಿನವರದಲ್ಲ, ಮನೆಯ ಅಳಿವನ್ನು ಹೊರಗಿನಿಂದ ಕಂಡವರದು ಎಂಬುದೂ ಇಲ್ಲಿ ಗಮನಾರ್ಹ.

ಕೇಳಿದ್ದಕ್ಕೆ ಏನನ್ನೂ ಸೇರಿಸದೆ, ಏನನ್ನೂ ಬಿಡದೆ ಬರೆದಿರುವುದಾಗಿ ಯಾನಾಗಿತಾ ಹೇಳಿಕೊಂಡಿದ್ದಾನೆ. ಆದರೆ ಕೃತಿಯ ಭಾಷೆ ತೋನೋದ ಆಡುನುಡಿಯಲ್ಲ, ಗ್ರಾಂಥಿಕ ಜಪಾನಿ. ಆಡುನುಡಿಯೊಂದಿಗೆ ಹೇಳುವವರ ದನಿಯ ಏರಿಳಿತ, ವ್ಯಂಗ್ಯ, ಅಳುಕುಗಳೂ ಮರೆಯಾಗಿವೆ. ಇದು ಕೃತಿಯ ಮಿತಿ. ಆದರೂ ಎರಡು ಕಥನಗಳನ್ನು ಒಂದರ ಪಕ್ಕ ಒಂದಿರಿಸಿ, ಅವುಗಳ ವೈರುಧ್ಯವನ್ನು ತಿದ್ದದೆ ಉಳಿಸಿರುವುದು ಅದರ ಹಿರಿಮೆ. ಸಸಾಕಿ 1920ರಲ್ಲಿ ಈ ದೈವದ ಕುರಿತೇ ಪ್ರತ್ಯೇಕ ಸಂಕಲನವನ್ನು ಹೊರತಂದನೆಂಬುದು, ವಕ್ತೃವೂ ಸಂಶೋಧಕನಾಗಬಲ್ಲನೆಂಬುದಕ್ಕೆ ನಿದರ್ಶನ.

ದೈವಗಳನ್ನು ಪಟ್ಟಿಮಾಡಿ ‘ಶುಭ’, ‘ಅಶುಭ’ ಎಂದು ವಿಂಗಡಿಸುವ ಅಧ್ಯಯನಕ್ರಮ 18ನೆಯ ಕಥನವನ್ನು ಆಯ್ದು 19ನೆಯದನ್ನು ಕೈಬಿಡುತ್ತದೆ. ಹಾಗೆ ಕೈಬಿಟ್ಟಾಗ ದೈವವೇನೋ ಉಳಿಯುತ್ತದೆ. ಬರಿದಾದ ಮನೆಯಲ್ಲಿ ಒಂಟಿಯಾಗಿ ಉಳಿದ ಬಾಲಕಿ ಮರೆಯಾಗುತ್ತಾಳೆ.